ಆದವಾನಿ ಸೀಮೆಯ ಕನ್ನಡ ಶಾಲೆ: ಲೆಕ್ಕದ ಪುಸ್ತಕದಲ್ಲಿ ಎರಡು ಶತಮಾನ

ಆದವಾನಿ, ಆಲೂರು, ಮಂತ್ರಾಲಯದ ಸೀಮೆಯಲ್ಲಿ ಕನ್ನಡ ಎಷ್ಟು ಹಳೆಯದೆಂದು ಹೇಳುವುದಕ್ಕೆ ನಮಗೆ ಆಧಾರಗಳ ಕೊರತೆಯಿಲ್ಲ. ತುಂಗಭದ್ರೆಯ ದಡದ ಮಂಚಾಲೆಯಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದರು. ಅವರ ಶಿಷ್ಯರಾದ ಅಪ್ಪಣಾಚಾರ್ಯರ ಬಿಚ್ಚಾಲಿ ಹೊಳೆಯ ಆಚೆ ದಡದಲ್ಲಿದೆ. ದಾಸಪರಂಪರೆಯ ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಇಷ್ಟನ್ನು ಈ ಸೀಮೆಯ ಸ್ಮರಣ ಸಂಚಿಕೆಗಳು ಮತ್ತೆ ಮತ್ತೆ ಬರೆದಿವೆ, ಬರೆಯಬೇಕಾದದ್ದೇ. ಆದರೆ ಮಠ, ಗುಡಿ, ಕೀರ್ತನೆಗಳ ಚರಿತ್ರೆಯ ಪಕ್ಕದಲ್ಲಿ ಇನ್ನೊಂದು ಚರಿತ್ರೆಯಿದೆ. ಇಲ್ಲಿಯ ಮಗುವಿಗೆ ಕನ್ನಡದ ಅಕ್ಷರ ತಿದ್ದಿಸಿದವನಿಗೆ ಕೂಲಿ ಕೊಟ್ಟವರು ಯಾರು? ಆ ಕೂಲಿ ಯಾವಾಗ ನಿಂತಿತು? ನಿಲ್ಲಿಸಿದವರು ಏನೆಂದು ಕಾರಣ ಕೊಟ್ಟರು? ಶಿಕ್ಷಕರ ಹುದ್ದೆಗಳ ಮರುಹಂಚಿಕೆ, ಶಾಲೆಗಳ ವಿಲೀನ, ‘ಸರ್‌ಪ್ಲಸ್’ ಎಂಬ ಮಾತುಗಳು ವರ್ಷ ಬಿಟ್ಟು ವರ್ಷ ಕಿವಿಗೆ ಬೀಳುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗಳನ್ನು ಇತಿಹಾಸದ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಬಾಲಶಿಕ್ಷೆಗೆಂದು ಬಿಟ್ಟ ಭೂಮಿಯ ಉಲ್ಲೇಖಗಳಿವೆ. ಅಕ್ಷರ ಕಲಿಸುವವನಿಗೆ ವೃತ್ತಿಯೆಂದು ಹೊಲ ಬಿಟ್ಟ ಮೇಲೆ, ವರ್ಷವರ್ಷವೂ ಯಾರನ್ನೂ ಬೇಡಬೇಕಾದ ಪ್ರಮೇಯವಿರಲಿಲ್ಲ. ದಾನ ಕೊಟ್ಟ ದೊರೆ ಸತ್ತರೂ ಹೊಲ ಬೆಳೆಯುತ್ತಿತ್ತು. ಮುಂದಿನ ಕಥೆಯನ್ನು ಓದುವಾಗ ಈ ವ್ಯವಸ್ಥೆಯ ನೆನಪಿರಬೇಕು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಗಳ ಮೊದಲ ಪ್ರಧಾನ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಅವನ ಹೆಸರೆತ್ತಿದರೆ ಮಂತ್ರಾಲಯದಲ್ಲಿ ಜನ ನೆನೆಯುವುದು ಮಠದ ಇನಾಮಿನ ವಿಚಾರಣೆಗೆಂದು ಬಂದವನಿಗೆ ರಾಯರು ದರ್ಶನವಿತ್ತು ಮಾತನಾಡಿದ ಐತಿಹ್ಯವನ್ನು. ನಮ್ಮ ವಿಷಯಕ್ಕೆ ಬೇಕಾದ ಮನ್ರೋ ಇನ್ನೂ ಇಪ್ಪತ್ತು ವರ್ಷಗಳ ಅನಂತರದವನು. ಮದರಾಸಿನ ಗವರ್ನರಾಗಿ ಅವನು 1822ರ ಜೂನ್ 25ರಂದು, ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬುದನ್ನು ಲೆಕ್ಕ ಹಾಕಿಸಬೇಕೆಂದು ಟಿಪ್ಪಣಿ ಬರೆದ. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿ ನಮ್ಮ ಸೀಮೆಯ ಶಿಕ್ಷಣ ಚರಿತ್ರೆಯ ಅಮೂಲ್ಯ ದಾಖಲೆ. ಆದವಾನಿಯೂ ಆಲೂರೂ ಆಗ ಬಳ್ಳಾರಿ ಜಿಲ್ಲೆಯವು. ಧರಂಪಾಲರು 1983ರಲ್ಲಿ ತಮ್ಮ ಗ್ರಂಥದಲ್ಲಿ ಈ ವರದಿಯನ್ನು ಅಚ್ಚು ಮಾಡಿಸಿದ ಮೇಲೆ ಅದು ಎಲ್ಲರ ಕೈಗೆ ಸಿಕ್ಕಿದೆ.

ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ವಿದ್ಯಾರ್ಥಿಗಳು 6,641. ಇವರಲ್ಲಿ ಹುಡುಗಿಯರು ಬರಿಯ 60. ಕಲಿಸುವ ಭಾಷೆಯ ಪ್ರಕಾರ ಕ್ಯಾಂಪ್‌ಬೆಲ್ ಶಾಲೆಗಳನ್ನು ವಿಂಗಡಿಸಿದ್ದಾನೆ: ಕನ್ನಡ 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1, ಇವಲ್ಲದೆ ಬ್ರಾಹ್ಮಣರು ಮಾತ್ರ ಓದುವ ಸಂಸ್ಕೃತಾದಿ ಶಾಸ್ತ್ರಗಳ ಪಾಠಸ್ಥಾನಗಳು 23. ಕನ್ನಡಕ್ಕೂ ತೆಲುಗಿಗೂ ಇರುವ ಅಂತರ ಒಂಬತ್ತೇ ಶಾಲೆ. ಇದನ್ನು ಹಿಡಿದು ನಾವು ಗೆದ್ದೆವೆಂದು ಬೀಗುವುದಾಗಲಿ, ಅವರು ಸೋತರೆಂದು ಹೇಳುವುದಾಗಲಿ ನಮಗೆ ಇಷ್ಟವಿಲ್ಲ. ಒಂದೇ ಸಂತೆಗೆ ಬರುವ, ಎರಡೂ ಭಾಷೆಗಳಲ್ಲಿ ಚೌಕಾಸಿ ಮಾಡುವ ಜನರ ಜಿಲ್ಲೆಯಾಗಿತ್ತು ಅದು ಎಂಬುದಕ್ಕೆ ಈ ಅಂಕಿಗಳು ಸಾಕ್ಷಿ. ಆ ಶಾಲೆಗಳಲ್ಲಿ ಓದುತ್ತಿದ್ದ ಪುಸ್ತಕಗಳ ಪಟ್ಟಿಯನ್ನೂ ಕ್ಯಾಂಪ್‌ಬೆಲ್ ಕೊಟ್ಟಿದ್ದಾನೆ. ರಾಮಾಯಣ, ಭಾರತ, ಭಾಗವತಗಳ ಜೊತೆಗೆ ಲಿಂಗವಂತರ ಮಕ್ಕಳು ಓದುವ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳ ಹೆಸರುಗಳು ಆ ಇಂಗ್ಲಿಷ್ ವರದಿಯಲ್ಲಿ ವಕ್ರವಾಗಿ ಉಚ್ಚಾರಗೊಂಡು ನಿಂತಿವೆ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣ. ಹಿರಿಯ ವಿದ್ಯಾರ್ಥಿ ಕಿರಿಯರಿಗೆ ಹೇಳಿಕೊಡುವ ಪದ್ಧತಿಯನ್ನು ಆತ ಬಹುವಾಗಿ ಮೆಚ್ಚಿಕೊಂಡಿದ್ದಾನೆ. ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದಿದ್ದಾನೆ. ಅರ್ಥವಾಗದ ಪದ್ಯಗಳನ್ನು ಮಕ್ಕಳು ಉರುಹೊಡೆಯುತ್ತಾರೆಂಬ ದೂರನ್ನೂ ಬರೆಯದೆ ಬಿಟ್ಟಿಲ್ಲ.

ಈ ವರದಿ ನಮಗೆ ಮುಖ್ಯವಾಗುವುದು ಮುಂದಿನ ಮಾತಿಗಾಗಿ. ಸುಮಾರು ಹತ್ತು ಲಕ್ಷ ಜನರಿರುವ ಜಿಲ್ಲೆಯಲ್ಲಿ ಏಳು ಸಾವಿರ ಮಕ್ಕಳೂ ಶಾಲೆಯಲ್ಲಿಲ್ಲವೇಕೆ ಎಂಬ ಪ್ರಶ್ನೆಗೆ ಕ್ಯಾಂಪ್‌ಬೆಲ್ ಜನರ ಸೋಮಾರಿತನವನ್ನಾಗಲಿ ಅಜ್ಞಾನವನ್ನಾಗಲಿ ಹೊಣೆ ಮಾಡುವುದಿಲ್ಲ. ದೇಶ ಬಡವಾಗುತ್ತ ಬಂದಿದೆ ಎನ್ನುತ್ತಾನೆ. ಯೂರೋಪಿನ ಬಟ್ಟೆ ಬಂದು ಇಲ್ಲಿಯ ಕೈಕಸುಬಿನವರ ಗಳಿಕೆ ಕುಸಿದಿದೆ. ಊರಿನ ಹಣ ಊರಿನಲ್ಲಿ ತಿರುಗುತ್ತಿಲ್ಲ. ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ, ಎಷ್ಟೋ ಕಡೆ ಉಳ್ಳವರ ನಾಲ್ಕು ಮಕ್ಕಳಷ್ಟೇ ಉಳಿದಿದ್ದಾರೆ ಎಂದು ಬರೆಯುತ್ತಾನೆ. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ರಾಜ್ಯದ ಆಶ್ರಯವಿತ್ತೆಂದು ನೆನಪಿಸಿ, ಈ 533 ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದಿಂದ ಈಗ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎನ್ನುತ್ತಾನೆ. ಕಂಪನಿಯ ಕಲೆಕ್ಟರನೊಬ್ಬ ತನ್ನ ಮೇಲಧಿಕಾರಿಗಳಿಗೆ ಇಂಥ ಮಾತು ಬರೆದದ್ದು ದೊಡ್ಡದು. ಮಗ್ಗ ನಿಂತದ್ದಕ್ಕೂ ಶಾಲೆ ಮುಚ್ಚಿದ್ದಕ್ಕೂ ಇರುವ ನಂಟನ್ನು ಅವನು ಕಂಡಿದ್ದ. ಜಮಖಾನೆಗೂ ಹತ್ತಿಗೂ ಹೆಸರಾದ ಆದವಾನಿಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಣ್ಣ ಲೆಕ್ಕ. 6,641 ಮಕ್ಕಳನ್ನು 533 ಶಾಲೆಗಳಿಗೆ ಹಂಚಿದರೆ ಶಾಲೆಗೆ ಹನ್ನೆರಡು ಮಕ್ಕಳು. ಹನ್ನೆರಡು ಮಕ್ಕಳ ಶಾಲೆಗೆ ಇಂದಿನ ನಮ್ಮ ಕಚೇರಿಗಳಲ್ಲಿ ಇರುವ ಹೆಸರು ‘ಅಲಾಭಕರ’.

ಜಿಲ್ಲೆಗಳಿಂದ ಬಂದ ವರದಿಗಳನ್ನೆಲ್ಲ ಓದಿದ ಮನ್ರೋ 1826ರ ಮಾರ್ಚ್ 10ರಂದು ಒಂದು ಯೋಜನೆ ಮುಂದಿಟ್ಟ. ಕಲೆಕ್ಟರೇಟಿಗೆ ಎರಡು ದೊಡ್ಡ ಶಾಲೆಗಳು, ತಹಸೀಲಿಗೊಂದು ಸಣ್ಣ ಶಾಲೆ. ದೊಡ್ಡ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ತಹಸೀಲಿ ಶಾಲೆಯವನಿಗೆ 9 ರೂಪಾಯಿ. ಒಂಬತ್ತು ರೂಪಾಯಿ ಕಡಿಮೆಯೆಂದು ತೋರಬಹುದು, ಆದರೆ ಮಕ್ಕಳು ಕೊಡುವ ಶುಲ್ಕವೂ ಸೇರಿದರೆ ಸ್ಕಾಟ್ಲೆಂಡಿನ ಹಳ್ಳಿಯ ಉಪಾಧ್ಯಾಯನಿಗಿಂತ ಇವನ ಸ್ಥಿತಿ ಉತ್ತಮವಾದೀತು ಎಂಬುದು ಅವನ ವಾದ. ಸ್ವತಃ ಸ್ಕಾಟ್ಲೆಂಡಿನವನಾದ ಮನ್ರೋ ಗೊತ್ತಿಲ್ಲದೆ ಆಡಿದ ಮಾತಲ್ಲ ಅದು. ಯೋಜನೆ ನೆಲೆಗೊಳ್ಳುವ ಮೊದಲೇ, 1827ರ ಜುಲೈ 6ರಂದು, ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ಅವನು ತೀರಿಕೊಂಡ. ಆದವಾನಿಯ ಪಕ್ಕದ ಪತ್ತಿಕೊಂಡವೇ ಅದು.

ಒಂಬತ್ತು ರೂಪಾಯಿಯ ಆ ಉಪಾಧ್ಯಾಯರು ಹೆಚ್ಚು ವರ್ಷ ಉಳಿಯಲಿಲ್ಲ. 1835ರ ಫೆಬ್ರವರಿಯಲ್ಲಿ ಮೆಕಾಲೆಯ ಟಿಪ್ಪಣಿ, ಮಾರ್ಚ್ 7ರಂದು ಬೆಂಟಿಂಕನ ನಿರ್ಣಯ: ಶಿಕ್ಷಣಕ್ಕೆಂದು ಇರುವ ಹಣ ಇಂಗ್ಲಿಷ್ ವಿದ್ಯೆಗೆ ಸಲ್ಲಬೇಕು. 1836ರಲ್ಲಿ ಮದರಾಸಿನ ಕಲೆಕ್ಟರೇಟ್ ಶಾಲೆಗಳನ್ನೂ ತಹಸೀಲಿ ಶಾಲೆಗಳನ್ನೂ ರದ್ದು ಮಾಡಲಾಯಿತು. ದೇಶಭಾಷೆಯಲ್ಲಿ ಕಲಿಸಲು ಸರ್ಕಾರ ತಾನೇ ನೇಮಿಸಿದ ಉಪಾಧ್ಯಾಯರನ್ನು ಸರ್ಕಾರ ತಾನೇ ಮನೆಗೆ ಕಳುಹಿಸಿದ ಮೊದಲ ಪ್ರಸಂಗವೆಂದು ನಾವು ಇದನ್ನು ಎಣಿಸಬಹುದು. ಕೊಟ್ಟ ಕಾರಣಗಳಲ್ಲಿ ಭಾಷಾದ್ವೇಷದ ಸೊಲ್ಲಿರಲಿಲ್ಲ. ಹಣ ಸ್ವಲ್ಪವಿದೆ, ಅದನ್ನು ಫಲ ಕೊಡುವ ಕಡೆಗೆ ಹಾಕೋಣ ಎಂಬ ವಿವೇಕದ ಮಾತೇ ಇತ್ತು. ಈ ವಿವೇಕವನ್ನು ನಾವು ಮುಂದೆಯೂ ಭೇಟಿಯಾಗುತ್ತೇವೆ.

ಮುಂದಿನ ನೂರು ವರ್ಷಗಳನ್ನು ಬೇಗ ದಾಟಬಹುದು. 1854ರ ಅನಂತರ ಸಹಾಯಧನದ ಪದ್ಧತಿ ಬಂತು, ಸ್ಥಳೀಯ ಬೋರ್ಡುಗಳು ಬಂದವು, 1920ರಲ್ಲಿ ಮದರಾಸಿನ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. ಶಾಲೆ ಹಳ್ಳಿಯವರ ಕೈಯಿಂದ ಬೋರ್ಡಿನ ಕೈಗೆ ಹೋಯಿತು. ಉಪಾಧ್ಯಾಯ ಸಂಬಳದ ನೌಕರನಾದ. ಇದರಿಂದ ಬಡವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಬಾಗಿಲು ತೆರೆಯಿತೆಂಬುದನ್ನು ಮರೆತು ಹಳೆಯ ತಿಣ್ಣೆಶಾಲೆಯನ್ನು ಹೊಗಳುವವರ ಸಾಲಿನಲ್ಲಿ ನಾವಿಲ್ಲ. ಆದರೆ ಅಂದಿನಿಂದ ಶಾಲೆಯ ಆಯುಸ್ಸು ಬಜೆಟ್ಟಿನ ಆಯುಸ್ಸಾಯಿತು.

1953 ನಮ್ಮ ಸೀಮೆಗೆ ಎರಡು ಪೆಟ್ಟು ಕೊಟ್ಟ ವರ್ಷ. ಒಂದನ್ನು ಎಲ್ಲರೂ ಬಲ್ಲರು, ಇನ್ನೊಂದನ್ನು ಬಲ್ಲವರು ಕಡಿಮೆ. ಆ ವರ್ಷದ ಜೂನ್‌ನಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆಯೊಂದನ್ನು ತಂದರು. ದಿನಕ್ಕೆ ಐದು ತಾಸಿನ ಶಾಲೆ ಮೂರು ತಾಸಿಗೆ ಇಳಿಯಿತು; ಮಕ್ಕಳನ್ನು ಎರಡು ತಂಡ ಮಾಡಿ ಅದೇ ಉಪಾಧ್ಯಾಯ, ಅದೇ ಕೊಠಡಿಯಲ್ಲಿ ಎರಡು ಪಾಳಿ ನಡೆಸಬೇಕು; ಉಳಿದ ಹೊತ್ತು ಮಗು ಮನೆಯ ಕಸುಬು ಕಲಿಯಬೇಕು. ಹಣವಿಲ್ಲದೆ ಹೆಚ್ಚು ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಉಪಾಯ ಅದು. ಕುಲಕಸುಬಿನ ಶಿಕ್ಷಣವೆಂದು ತಮಿಳುನಾಡು ಅದನ್ನು ವಿರೋಧಿಸಿತು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದ ಮೇಲೆ ಅದು ಹೋಯಿತು. ಆದವಾನಿ, ಆಲೂರು ತಾಲೂಕುಗಳ ಹಳ್ಳಿಗಳು ಆ ಜೂನ್‌ನಲ್ಲಿ ಮದರಾಸಿನಲ್ಲೇ ಇದ್ದವು.

ನಾಲ್ಕು ತಿಂಗಳಿಗೆ, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು, ಸಿರುಗುಪ್ಪಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ. ರಾಯದುರ್ಗ ಅನಂತಪುರ ಜಿಲ್ಲೆಯ ಪಾಲಾದರೆ ಉಳಿದೆರಡು ಕರ್ನೂಲಿನ ಪಾಲಾದವು. ಕರ್ನೂಲು ಆಗ ರಾಜಧಾನಿ. ಬಳ್ಳಾರಿ ಕನ್ನಡಕ್ಕೆ ಉಳಿದ ಸಂಭ್ರಮವನ್ನು ಏಕೀಕರಣದ ಚರಿತ್ರೆಗಳು ವಿಸ್ತಾರವಾಗಿ ಬರೆದಿವೆ. ಅದೇ ದಿನದಿಂದ ಆದವಾನಿಯ ಕನ್ನಡ ಉಪಾಧ್ಯಾಯ ಅಲ್ಪಸಂಖ್ಯಾತ ಭಾಷೆಯ ಉಪಾಧ್ಯಾಯನಾದ ಎಂಬುದಕ್ಕೆ ಅಲ್ಲಿ ಒಂದು ಪುಟವೂ ಸಿಗುವುದು ಕಷ್ಟ. ಬೆಳಗಾಗುವುದರೊಳಗೆ ಅವನ ಪಠ್ಯಪುಸ್ತಕ ಅಚ್ಚಾಗುವ ಊರು, ಅವನ ಮೇಲಿನ ತನಿಖಾಧಿಕಾರಿಯ ಭಾಷೆ, ಅವನ ಸಂಬಳದ ಬಿಲ್ಲಿಗೆ ಸಹಿ ಹಾಕುವ ಕಚೇರಿ ಮೂರೂ ಬದಲಾದವು. ಶಾಲೆಯ ಕಂಬ, ಹಲಗೆ, ಮಕ್ಕಳು ಅವೇ. 1966ರಲ್ಲಿ ಮಹಾಜನ ಆಯೋಗ ನೇಮಕವಾದಾಗ ಅದರ ವ್ಯಾಪ್ತಿಗೆ ಬಂದದ್ದು ಮಹಾರಾಷ್ಟ್ರ, ಮೈಸೂರು, ಕೇರಳಗಳ ಗಡಿ. ಆಂಧ್ರದ ಗಡಿ ಬರಲಿಲ್ಲ. ಆದ್ದರಿಂದ ನಮ್ಮ ಸೀಮೆಯ ಹೆಸರು ಗಡಿವಿವಾದದ ಮಾತಿನಲ್ಲಿಯೂ ಮುಂದೆ ಕೇಳಿಬರಲಿಲ್ಲ. ನೆಲದ ಪ್ರಶ್ನೆಯನ್ನು ಇಲ್ಲಿ ಕೆದಕುವುದು ನಮ್ಮ ಉದ್ದೇಶವಲ್ಲ. ನೆಲ ಎಲ್ಲಿಯೇ ಇರಲಿ, ಹುದ್ದೆ ಎಲ್ಲಿದೆ ಎಂಬುದು ನಮ್ಮ ಪ್ರಶ್ನೆ.

ಹುದ್ದೆಗೆ ರಕ್ಷಣೆ ಕಾಗದದಲ್ಲಿ ಗಟ್ಟಿಯಾಗಿಯೇ ಇತ್ತು. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿರ್ಣಯ ಮಾಡಿತ್ತು: ಇಡೀ ಶಾಲೆಯಲ್ಲಿ ಒಂದು ಭಾಷೆಯ 40 ಮಕ್ಕಳಾದರೂ, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಾದರೂ ಇದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯನನ್ನಾದರೂ ಕೊಡಬೇಕು. 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸತಕ್ಕದ್ದೆಂದು ವಿಧಿಸಿತು. 1959ರಲ್ಲಿ ದಕ್ಷಿಣ ವಲಯ ಪರಿಷತ್ತು ಇನ್ನೂ ಮುಂದೆ ಹೋಗಿ, 1956ರ ನವೆಂಬರ್ 1ರಂದು ಇದ್ದ ಅಲ್ಪಸಂಖ್ಯಾತ ಭಾಷಾ ಶಾಲೆಗಳ ಸೌಲಭ್ಯವನ್ನು ಸರ್ಕಾರದ ಸ್ಪಷ್ಟ ಆದೇಶವಿಲ್ಲದೆ ಕದಲಿಸಬಾರದೆಂದು ಒಪ್ಪಿತು. ಪ್ರೌಢಶಾಲೆಗೆ ಕೊನೆಯ ನಾಲ್ಕು ತರಗತಿಗಳಲ್ಲಿ 60 ಮಕ್ಕಳು, ತರಗತಿಗೆ 15 ಎಂದು ಅಳತೆ ಗೊತ್ತಾಯಿತು.

ಈ ರಕ್ಷಣೆಯಲ್ಲಿ ಎರಡು ಬಿರುಕುಗಳು ನಮಗೆ ಕಾಣುತ್ತವೆ. ಮೊದಲನೆಯದು ದಿನಾಂಕದ್ದು. ರಕ್ಷಣೆಯ ಎಣಿಕೆ 1956ರಿಂದ. ನಮ್ಮ ಸೀಮೆ ಕೈಬದಲಾದದ್ದು 1953ರಲ್ಲಿ. ನಡುವಣ ಮೂರು ವರ್ಷಗಳಲ್ಲಿ ಏನು ಕದಲಿತೋ ಅದು ಲೆಕ್ಕಕ್ಕೆ ಬರುವಂತಿಲ್ಲ. ಎರಡನೆಯದು ಹೆಚ್ಚು ಆಳವಾದದ್ದು. ನಲವತ್ತು, ಹತ್ತು ಎಂಬ ಅಂಕಿಗಳನ್ನು ಇಟ್ಟದ್ದು ಶಾಲೆಯನ್ನು ತೆರೆಯಲು ಒಲ್ಲದ ಸರ್ಕಾರವನ್ನು ಒತ್ತಾಯಿಸುವುದಕ್ಕಾಗಿ. ಕಾಲ ಕಳೆದಂತೆ ಅವೇ ಅಂಕಿಗಳು ಇರುವ ಶಾಲೆಯನ್ನು ಅಳೆಯುವ ಕೋಲಾದವು. ಮೂವತ್ತೊಂಬತ್ತು ಮಕ್ಕಳಿರುವ ಊರಿನಲ್ಲಿ ಕನ್ನಡ ಸತ್ತಿದೆಯೆಂದು ಯಾರೂ ಹೇಳುವುದಿಲ್ಲ. ಹುದ್ದೆಗೆ ಸಮರ್ಥನೆಯಿಲ್ಲವೆಂದು ಮಾತ್ರ ಹೇಳುತ್ತಾರೆ.

ಇಲ್ಲಿ ಹುದ್ದೆ ಹೋಗುವ ಬಗೆಯನ್ನು ಹೊರಗಿನವರಿಗೆ ತಿಳಿಹೇಳಬೇಕು. ಸರ್ಕಾರಿ ಶಿಕ್ಷಕರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಅವರು ನಿವೃತ್ತರಾಗುತ್ತಾರೆ, ಹುದ್ದೆ ಖಾಲಿ ಬೀಳುತ್ತದೆ. ಅದನ್ನು ತುಂಬಲು ಡಿಎಸ್‌ಸಿ ನೇಮಕಾತಿ ಬರಬೇಕು; ಅದು ವರ್ಷಗಟ್ಟಲೆ ಬಾರದಿರುವುದುಂಟು. ಬಂದಾಗ 1975ರ ರಾಷ್ಟ್ರಪತಿ ಆದೇಶದ ಪ್ರಕಾರ ಜಿಲ್ಲಾ ಮಟ್ಟದ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಹಿಂದುಳಿದ ಸೀಮೆಯ ಯುವಕರಿಗೆ ಉದ್ಯೋಗ ಸಿಗಲೆಂದು ಮಾಡಿದ ನ್ಯಾಯವಾದ ನಿಯಮವೇ ಅದು. ತೆಲುಗು ಹುದ್ದೆಗಳಲ್ಲಿ ಅದರಿಂದ ಒಳಿತೇ ಆಗಿದೆ. ಕನ್ನಡ ಹುದ್ದೆಯ ಮಟ್ಟಿಗೆ ಅದೇ ನಿಯಮ ಗಂಟಾಗುತ್ತದೆ: ಬಳ್ಳಾರಿ, ಸಿರುಗುಪ್ಪಗಳಲ್ಲಿ ಓದಿದ ಕನ್ನಡದ ಅರ್ಹ ಅಭ್ಯರ್ಥಿ ಇಲ್ಲಿ ಪರಸ್ಥಳದವನು, ಜಿಲ್ಲೆಯೊಳಗೆ ಕನ್ನಡದಲ್ಲಿ ತರಬೇತಿ ಪಡೆದವರು ವಿರಳ. ಆಯಾ ಮೀಸಲು ವರ್ಗಕ್ಕೆ ಅರ್ಹರು ಸಿಗದಿದ್ದರೆ ಹುದ್ದೆ ಮುಂದಿನ ನೇಮಕಾತಿಗೆ ಉಳಿಯುತ್ತದೆ. ಶಿಕ್ಷಕರಿಲ್ಲದ ಶಾಲೆಯಿಂದ ತಾಯಿತಂದೆಗಳು ಮಕ್ಕಳನ್ನು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದ ಮೇಲೆ ಹುದ್ದೆಯೇ ಬೇಡವೆಂದು ಕಡತ ಹೇಳುತ್ತದೆ. ಕಡತವನ್ನು ತೆರೆದು ನೋಡಿದರೆ ಒಂದೊಂದು ಹಾಳೆಯೂ ಸರಿಯಾಗಿಯೇ ಇರುತ್ತದೆ.

1990ರ ದಶಕದ ಕೊನೆಯ ಹೊತ್ತಿಗೆ ಖಾಲಿ ಹುದ್ದೆಗಳನ್ನು ಗೌರವಧನದ ‘ವಿದ್ಯಾ ವಾಲಂಟೀರ್’ಗಳಿಂದ ತುಂಬುವ ರೂಢಿ ರಾಜ್ಯದಲ್ಲಿ ಬೆಳೆಯಿತು. ಏಪ್ರಿಲ್ ಬಂದರೆ ಅವರ ಕೆಲಸ ಮುಗಿಯುತ್ತಿತ್ತು. ಮುಂದಿನ ವರ್ಷ ಮತ್ತೆ ಕರೆ ಬರುವುದೋ ಇಲ್ಲವೋ ತಿಳಿಯದು. ಕೆಲಸದಿಂದ ತೆಗೆಯುವುದು ಎಂಬ ಮಾತು ನಿಜವಾಗಿ ಒಪ್ಪುವುದು ಇವರಿಗೆ. ಊರಿನದೇ ಹುಡುಗ, ಊರಿನದೇ ಸೊಸೆ ಹೋಗಿ ಪಾಠ ಹೇಳಿದ ಆ ವರ್ಷಗಳಲ್ಲಿ ಎಷ್ಟೋ ಕನ್ನಡ ತರಗತಿಗಳು ಉಸಿರು ಹಿಡಿದುಕೊಂಡವು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದು ನಿಗದಿ ಮಾಡಿತು. ಕಲಿಕೆ ಸಾಧ್ಯವಾದಷ್ಟು ಮಾತೃಭಾಷೆಯಲ್ಲಿರಬೇಕೆಂದು 29ನೆಯ ಕಲಮಿನಲ್ಲಿ ಹೇಳಿತು. ಹತ್ತು ವರ್ಷಗಳ ಮೇಲೆ, 2019ರ ನವೆಂಬರ್‌ನಲ್ಲಿ, ಆಂಧ್ರಪ್ರದೇಶ ಸರ್ಕಾರ 81 ಮತ್ತು 85ನೆಯ ಸಂಖ್ಯೆಯ ಆದೇಶಗಳಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತರಲು ಹೊರಟಿತು. ತೆಲುಗು ಅಥವಾ ಉರ್ದು ಕಡ್ಡಾಯ ವಿಷಯವಾಗಿ ಇರುವುದೆಂದು ಆದೇಶ ಹೇಳಿತು. ಆ ವಾಕ್ಯದಲ್ಲಿ ಹೆಸರಾದ ಭಾಷೆಗಳು ಎರಡೇ. ರಾಜ್ಯದ ಉಚ್ಚ ನ್ಯಾಯಾಲಯ 2020ರ ಏಪ್ರಿಲ್ 15ರಂದು ಆ ಆದೇಶಗಳನ್ನು ರದ್ದುಪಡಿಸಿತು. 1835ರಲ್ಲಿ ಇಂಗ್ಲಿಷ್ ಕೇಳಿದವರು ಪಟ್ಟಣದ ಕೆಲವರು. ಈಗ ಕೇಳುತ್ತಿರುವವರು ಕೂಲಿಕಾರ ತಾಯಿತಂದೆಗಳು. ಅವರ ಆಸೆಯನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ, ನಮ್ಮ ಮಕ್ಕಳೆಲ್ಲಿ ಓದುತ್ತಿದ್ದಾರೆಂದು ಅವರು ಕೇಳಿದರೆ ನಮ್ಮಲ್ಲಿ ಹಲವರ ಬಾಯಿ ಕಟ್ಟುತ್ತದೆ.

2022ರ ಜೂನ್ 10ರ 117ನೆಯ ಆದೇಶ ಭಾಷೆಯ ಮಾತಿಗಿಂತ ಹುದ್ದೆಯ ಮಾತನ್ನು ಹೆಚ್ಚು ಆಡಿತು. ಮೂರರಿಂದ ಐದನೆಯ ತರಗತಿಗಳನ್ನು ಹತ್ತಿರದ ಪ್ರೌಢಶಾಲೆಗೆ ಸೇರಿಸಿ, ಊರಿನ ಶಾಲೆಯಲ್ಲಿ ಒಂದು, ಎರಡನೆಯ ತರಗತಿಗಳನ್ನಷ್ಟೇ ಉಳಿಸುವ ವ್ಯವಸ್ಥೆ ಅದು. ಮಕ್ಕಳ ಸಂಖ್ಯೆಗೆ ತಕ್ಕಂತೆ ಶಿಕ್ಷಕರ ಮರುಹಂಚಿಕೆ; ಮಿಕ್ಕವರು ಹೆಚ್ಚುವರಿ. ತೆಲುಗು ಶಿಕ್ಷಕರ ಸಂಘಗಳೇ ಇದನ್ನು ತೀವ್ರವಾಗಿ ವಿರೋಧಿಸಿದವು. 2025ರಲ್ಲಿ ಹೊಸ ಸರ್ಕಾರ ಆ ಆದೇಶವನ್ನು ಹಿಂದೆಗೆದುಕೊಂಡು ಶಾಲೆಗಳನ್ನು ಬೇರೆ ಬಗೆಯಲ್ಲಿ ವಿಂಗಡಿಸಿ ಮತ್ತೆ ಹುದ್ದೆಗಳನ್ನು ಎಣಿಸಿತು. ಮೂರು ವರ್ಷಗಳಲ್ಲಿ ಎರಡು ಎಣಿಕೆ. ತೆಲುಗು ಶಿಕ್ಷಕರು ಹೆಚ್ಚುವರಿಯಾದರೆ ಪಕ್ಕದ ಊರಿಗೆ ಹೋಗುತ್ತಾರೆ. ಕನ್ನಡ ಶಿಕ್ಷಕರಿಗೆ ಪಕ್ಕದ ಕನ್ನಡ ಶಾಲೆ ಎಷ್ಟು ದೂರ? ಮೂರನೆಯ ತರಗತಿಯ ಕನ್ನಡದ ಮಗು ಹೋಗಿ ಸೇರಬೇಕಾದ ಪ್ರೌಢಶಾಲೆಯಲ್ಲಿ ಕನ್ನಡ ವಿಭಾಗ ಇಲ್ಲದಿದ್ದರೆ ಅದು ಓದುವುದೇನನ್ನು? ರಾಜ್ಯಕ್ಕೆಲ್ಲ ಒಂದೇ ಕೋಲಿನಿಂದ ಅಳೆಯುವಾಗ ಇಂಥ ಪ್ರಶ್ನೆಗಳು ಕೋಲಿನ ಅಂಚಿನಿಂದ ಜಾರಿ ಬೀಳುತ್ತವೆ.

ಅಳತೆಗೆ ಸಿಗದ ಇನ್ನೊಂದು ಸಂಗತಿ ಗುಳೆ. ಕೋಸಿಗಿ, ಕೌತಾಳ, ಮಂತ್ರಾಲಯ, ಹೊಳಗುಂದದ ಕಡೆಯ ಸಾವಿರಾರು ಕುಟುಂಬಗಳು ಇಲ್ಲಿಯ ಸುಗ್ಗಿ ಮುಗಿಯುತ್ತಲೇ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಸೀಮೆಗೆ ಹೊರಡುತ್ತವೆ. ಚಳಿಗಾಲದಲ್ಲಿ ಹೋದವರು ತಿರುಗಿ ಬರುವುದು ಯುಗಾದಿಯ ಸುಮಾರಿಗೆ. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ. ಮಗು ಮೆಣಸಿನಕಾಯಿ ಹೊಲದ ಬದುವಿನಲ್ಲಿರುತ್ತದೆ. ಕ್ಯಾಂಪ್‌ಬೆಲ್ ಕಂಡ ನಂಟೇ ಇದು, ಮಗ್ಗದ ಬದಲು ಮಳೆ. ಇಂಥ ಕಡೆ ಮಕ್ಕಳ ತಲೆಯೆಣಿಕೆಯಿಂದ ಶಿಕ್ಷಕರ ಅಗತ್ಯವನ್ನು ತೀರ್ಮಾನಿಸುವುದು ಬರಗಾಲದಲ್ಲಿ ಬಾವಿಯ ಆಳವನ್ನು ನೀರಿನಿಂದ ಅಳೆದಂತೆ.

ಇದು ಗಡಿಯಾಚೆಯವರ ಅನ್ಯಾಯವೆಂದು ಹೇಳಿ ಮುಗಿಸಲು ನಮ್ಮ ಮನಸ್ಸು ಒಪ್ಪದು. ಕರ್ನಾಟಕದಲ್ಲಿಯೂ ಮಕ್ಕಳಿಲ್ಲದ ಶಾಲೆಗಳ ವಿಲೀನ, ‘ಹೆಚ್ಚುವರಿ ಶಿಕ್ಷಕ’ರ ವರ್ಗಾವಣೆ ನಡೆದೇ ಇವೆ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಕರ್ನಾಟಕ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದಾಗ ಮಕ್ಕಳೂ ಪೋಷಕರೂ ಪ್ರತಿಭಟಿಸಬೇಕಾಯಿತು. ಅಲ್ಲಿಯವರಿಗೆ ಪ್ರತಿಭಟಿಸುವ ಸಂಘಟನೆಯ ಬಲವಿದೆ. ನಮ್ಮಲ್ಲಿ ಅಷ್ಟಿಲ್ಲ. ಅದರ ಬದಲು ನಮ್ಮಲ್ಲಿ ಇರುವುದು ನೆರೆಯ ತೆಲುಗರೊಡನೆ ಕದನವಿಲ್ಲದ ಬಾಳು. ಮನವಿಗಳನ್ನು ಬರೆಯುವಾಗ ಈ ಬಾಳಿಗೆ ಕುಂದು ತಾರದ ಮಾತುಗಳನ್ನೇ ಆರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಕೇಳಬೇಕಾದದ್ದು ಹೊಸತೇನಲ್ಲ, ಹಳೆಯ ಒಪ್ಪಂದಗಳಲ್ಲೇ ಇದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳ ಹೆಸರುಗಳನ್ನು ಶಾಲೆ ಆರಂಭವಾಗುವ ಮುನ್ನವೇ ನೋಂದಾಯಿಸಿಕೊಳ್ಳುವ ಪುಸ್ತಕವೊಂದು ಶಾಲೆಯಲ್ಲಿರಬೇಕು. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಅಕ್ಕಪಕ್ಕದ ಶಾಲೆಗಳ ಮಕ್ಕಳನ್ನು ಒಟ್ಟುಗೂಡಿಸಿ ಎಣಿಸಬೇಕು. ಈ ಎರಡನ್ನೂ ದಕ್ಷಿಣದ ರಾಜ್ಯಗಳು ತಾವೇ ಒಪ್ಪಿಕೊಂಡಿವೆ. ಇವುಗಳ ಜೊತೆಗೆ, ಮರುಹಂಚಿಕೆಯ ಆದೇಶ ಹೊರಟಾಗಲೆಲ್ಲ ಕನ್ನಡ ಹುದ್ದೆಗಳನ್ನು ತೆಲುಗು ಹುದ್ದೆಗಳ ರಾಶಿಯಿಂದ ಬೇರ್ಪಡಿಸಿ ಎಣಿಸಬೇಕು; ನಿವೃತ್ತಿಯಿಂದ ಖಾಲಿಯಾದ ಕನ್ನಡ ಹುದ್ದೆಯನ್ನು ಬೇರೆ ಮಾಧ್ಯಮಕ್ಕೆ ತಿರುಗಿಸಬಾರದು.

ಹೀಗೆ ಕೇಳುವುದಕ್ಕೆ ನಮ್ಮ ಕೈಯಲ್ಲಿ 1823ರ ಅಂಕಿಗಳಿವೆ, ಇಂದಿನವು ಊರೂರಿನಲ್ಲಿ ಚದುರಿಹೋಗಿವೆ. ಹೊಳಗುಂದ, ಹಾಲಹರ್ವಿ, ಆಲೂರು, ಚಿಪ್ಪಗಿರಿ, ಕೌತಾಳ, ಕೋಸಿಗಿ, ಆದವಾನಿ, ಮಂತ್ರಾಲಯಗಳಿಂದ ಈ ಸಮ್ಮೇಳನಕ್ಕೆ ಬಂದಿರುವ ಶಿಕ್ಷಕರಲ್ಲಿ, ನಿವೃತ್ತ ಶಿಕ್ಷಕರಲ್ಲಿ ನಮ್ಮ ಬಿನ್ನಹ ಇಷ್ಟೆ. ತಮ್ಮ ಊರಿನ ಶಾಲೆಯಲ್ಲಿ ಕನ್ನಡ ಹುದ್ದೆ ಯಾವ ವರ್ಷ ಮಂಜೂರಾಯಿತು, ಯಾವ ವರ್ಷ ಖಾಲಿಯಾಯಿತು, ಎಷ್ಟು ಕಾಲ ಖಾಲಿ ಉಳಿಯಿತು, ಆ ನಡುವೆ ಮಕ್ಕಳ ಸಂಖ್ಯೆ ಎಷ್ಟಕ್ಕಿಳಿಯಿತು ಎಂಬ ನಾಲ್ಕು ಸಾಲುಗಳನ್ನು ಬರೆದು ಸಂಘಕ್ಕೆ ಕೊಡಿ. ಹಳೆಯ ಹಾಜರಿ ಪುಸ್ತಕಗಳು ಗೆದ್ದಲು ಹಿಡಿಯುವ ಮುಂಚೆ ಈ ಕೆಲಸ ಆಗಬೇಕು.